ಉಳಿದ ಜೇನು ಎಲ್ಲಿದೆ? ಶಿರಸಿಯಿಂದ ಕೊರಿಯಾಕ್ಕೆ ಹೋಗಿ ಬಂದ ಒಂದು ಪ್ರಶ್ನೆ

ಈ ಪ್ರಕರಣದ ವ್ಯಕ್ತಿಯನ್ನು ಸುಬ್ರಾಯ ಎಂದು ಕರೆಯುತ್ತೇನೆ. ಅದು ಅವರ ನಿಜ ಹೆಸರಲ್ಲ. ಊರನ್ನೂ ಹೇಳುವುದಿಲ್ಲ. ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳಗೆ ತಿರುಗಬೇಕು ಎಂದರೆ ಸಾಕು. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾರೆ.

ನಾನು ಈ ಭಾಗದಲ್ಲಿ ಬಹಳ ವರ್ಷ ಜೇನು ಕೃಷಿ ತರಬೇತಿ ಕೊಟ್ಟವಳು. ವಿದೇಶದ ಸಮ್ಮೇಳನಕ್ಕೆ ಹೋಗಲೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ ಇದೇ ಕಥೆ ಹೇಳುತ್ತೇನೆ. ಹೇಳುವಾಗ ಒಂದು ಮಾತು ಮೊದಲೇ ಒಪ್ಪಿಕೊಳ್ಳಬೇಕು. ಸುಬ್ರಾಯ ಹೊರಟಾಗ ‘ಬೇಡ’ ಎಂದವರಲ್ಲಿ ನಾನೂ ಒಬ್ಬಳು.

ಹಿನ್ನೆಲೆ

ಸುಬ್ರಾಯ ಅರಣ್ಯ ವಿಜ್ಞಾನ ಓದಿದವರು. ನೌಕರಿಗೆ ಹೋಗದೆ ಮನೆಗೆ ಬಂದರು. ಎರಡು ಎಕರೆ ಅಡಿಕೆ ತೋಟ, ಅದರ ಜೊತೆ ತುಡುವೆ ಜೇನು, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಜೇನುತುಪ್ಪಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದದ್ದು ಕುಟುಂಬ, ಅಂದರೆ ರಾಣಿ ಸಮೇತ ಇಡೀ ಜೇನಿನ ಗುಂಪು, ಮಾರಾಟದಿಂದ. ಮಳೆ ಮುಗಿದು ಜೇನು ಬಲಿತ ಮೇಲೆ ಪೆಟ್ಟಿಗೆ ಪಾಲು ಮಾಡಿ, ಹೊಸದಾಗಿ ಶುರು ಮಾಡುವವರಿಗೆ ಕೊಡುತ್ತಿದ್ದರು. ತರಬೇತಿಗೆ ಬಂದವರನ್ನು ನಾನೇ ಅವರ ಮನೆಗೆ ಕಳಿಸುತ್ತಿದ್ದೆ. 2013ರ ಬೇಸಿಗೆಯಲ್ಲಿ ಅವರ ಹತ್ತಿರ 61 ಪೆಟ್ಟಿಗೆ ಇತ್ತು.

ಅವರದ್ದು ಲೆಕ್ಕದ ಸ್ವಭಾವ. ಯಾವ ತಿಂಗಳು ಯಾವ ಮರ ಹೂ ಬಿಟ್ಟಿತು, ಅಡಿಕೆ ಸಿಂಗಾರ ಯಾವಾಗ ಒಡೆಯಿತು, ಯಾವ ಪೆಟ್ಟಿಗೆ ಯಾರಿಗೆ ಹೋಯಿತು, ಎಲ್ಲವೂ ಒಂದು ಉದ್ದದ ರಿಜಿಸ್ಟರಿನಲ್ಲಿ ಇರುತ್ತಿತ್ತು. ಆ ರಿಜಿಸ್ಟರ್ ಮುಂದೆ ದೊಡ್ಡ ಕೆಲಸಕ್ಕೆ ಬಂತು.

ತೊಂದರೆ ಶುರುವಾದದ್ದು

ಆ ವರ್ಷದ ಕೊನೆಗೆ ಸಂಸಾರ ಕೋಣೆಯಲ್ಲಿ, ಅಂದರೆ ಪೆಟ್ಟಿಗೆಯಲ್ಲಿ ಮರಿ ಬೆಳೆಯುವ ಭಾಗದಲ್ಲಿ, ಹುಳು (ಜೇನಿನ ಮರಿ) ಸಾಯತೊಡಗಿತು. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ನೋಡಿದವರಿಗೆ ಅದನ್ನು ಮರೆಯಲು ಆಗುವುದಿಲ್ಲ. ಹುಳು ಕೋಶದಲ್ಲಿ ಉದ್ದಕ್ಕೆ ಮಲಗಿ, ತಲೆ ಮೇಲೆತ್ತಿಕೊಂಡು ಸಾಯುತ್ತದೆ. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದ ಹಾಗೆ ಬರುತ್ತದೆ. ಒಣಗಿದ ಮೇಲೆ ದೋಣಿಯ ಆಕಾರ. ಸತ್ತ ಹುಳುವನ್ನು ಹೊರಗೆ ಹಾಕುವ ಜೇನುನೊಣಗಳಿಗೆ ವೈರಸ್ ಅಂಟುತ್ತದೆ. ಅವೇ ಉಳಿದ ಮರಿಗಳಿಗೆ ಉಣಿಸುತ್ತವೆ. ಕೆಲವೇ ವಾರದಲ್ಲಿ ಕುಟುಂಬ ಸೊರಗುತ್ತದೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಹಾರಿ ಹೋಗುತ್ತದೆ. ಹಿಂದೆ ಉಳಿಯುವುದು ವಾಸನೆ ಬರುವ ಎರಿ, ಅದರಲ್ಲಿ ಮೇಣದ ಹುಳು.

ಇದು ಹೊಸ ರೋಗವಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ್ದರಿಂದ ಈ ಹೆಸರು ಬಂತು. 1991-92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ತುಡುವೆ ಜೇನನ್ನು ಹೆಚ್ಚುಕಡಿಮೆ ಗುಡಿಸಿ ಹಾಕಿತ್ತು. ನಮ್ಮ ಸೀಮೆಯಲ್ಲಿ ಆಗ ಖಾಲಿಯಾದ ಎಷ್ಟೋ ಪೆಟ್ಟಿಗೆಗಳು ಮತ್ತೆ ತುಂಬಲೇ ಇಲ್ಲ. ಅಟ್ಟ ಸೇರಿದವು. ಆ ನೆನಪು ಇದ್ದವರಿಗೆ 2013ರಲ್ಲಿ ಎದೆ ಧಸಕ್ ಎಂದಿತು.

ಅವರು ಮಾಡಿ ನೋಡಿದ್ದು

ಅರಿಶಿನ ಹೊಗೆ ಹಾಕಿದರು. ಯಾರೋ ಹೇಳಿದರೆಂದು ಆ್ಯಂಟಿಬಯಾಟಿಕ್ ಪುಡಿಯನ್ನು ಸಕ್ಕರೆ ಪಾಕದಲ್ಲಿ ಕಲಸಿ ಇಟ್ಟರು. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಜೇನುತುಪ್ಪದಲ್ಲಿ ಅದರ ಅಂಶ ಉಳಿದರೆ ಇನ್ನೊಂದು ತಲೆನೋವು. ಗೊತ್ತಿತ್ತು. ಆದರೂ ಹಾಕಿದರು. ಕಣ್ಣೆದುರು ಸಾಯುವಾಗ ಸುಮ್ಮನೆ ಕೂರಲು ಆಗುವುದಿಲ್ಲ, ಅಲ್ವಾ?

ಸೊರಗಿದ ಪೆಟ್ಟಿಗೆಗೆ ಬಲವಾದ ಪೆಟ್ಟಿಗೆಯಿಂದ ಮರಿ ಇರುವ ಫ್ರೇಮ್ (ಎರಿ ಕಟ್ಟುವ ಮರದ ಚೌಕಟ್ಟು) ತೆಗೆದು ಕೊಟ್ಟರು. ಇದು ನಾನು ತರಬೇತಿಯಲ್ಲಿ ಕಲಿಸಿದ ಪಾಠ. ಬೇರೆ ಜಿಲ್ಲೆಯಿಂದ ಹೊಸ ಕುಟುಂಬ ತಂದರು. ಪ್ರತಿ ಸಲವೂ ಎರಡು ತಿಂಗಳು ಚೆನ್ನಾಗಿರುತ್ತಿತ್ತು. ಆಮೇಲೆ ಅದೇ ಕಥೆ. 2015ರ ಬೇಸಿಗೆ ಹೊತ್ತಿಗೆ 23 ಪೆಟ್ಟಿಗೆ ಉಳಿದಿತ್ತು.

ಆಗ ಅವರ ಕಣ್ಣಿಗೆ ಬಿದ್ದದ್ದು ಎಪಿಮಾಂಡಿಯಾ. ಜೇನು ಸಾಕುವವರ ಅಂತರರಾಷ್ಟ್ರೀಯ ಒಕ್ಕೂಟ ಅದು. ಅದರ ಸಮ್ಮೇಳನಗಳ ಚರಿತ್ರೆ 1897ರ ಬ್ರಸೆಲ್ಸ್‌ನಿಂದ ಶುರು. ಎರಡು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ನಡೆಯುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿ 44ನೆಯದು. ವಿಜ್ಞಾನಿಗಳ ಭಾಷಣ ಒಂದು ಕಡೆ, ಜೇನು ಸಾಕುವವರ ಮಳಿಗೆಗಳು ಇನ್ನೊಂದು ಕಡೆ, ಎರಡೂ ಒಟ್ಟಿಗೆ ಇರುತ್ತವೆ. ಈ ಒಟ್ಟಿಗೆ ಇರುವುದೇ ಮುಂದೆ ಮುಖ್ಯವಾಯಿತು.

ಹೋಗಬೇಕೋ ಬೇಡವೋ

ಸುಬ್ರಾಯ ತಮ್ಮ ಹೂವಿನ ಲೆಕ್ಕವನ್ನೇ ಒಂದು ಪುಟದ ಸಾರಾಂಶ ಮಾಡಿ ಕಳಿಸಿದರು. ಭಾಷಣಕ್ಕೆ ಅವಕಾಶ ಸಿಗಲಿಲ್ಲ. ಪೋಸ್ಟರ್ ಹಾಕಬಹುದು ಎಂದು ಉತ್ತರ ಬಂತು. ವಿಮಾನ, ನೋಂದಣಿ, ವೀಸಾ, ಉಳಿಯುವುದು ಎಲ್ಲ ಸೇರಿ 1 ಲಕ್ಷ 25 ಸಾವಿರ ಆಗುತ್ತದೆ ಎಂದು ಲೆಕ್ಕ ಹಾಕಿದರು. ಅರ್ಧಕ್ಕಿಂತ ಹೆಚ್ಚು ಪೆಟ್ಟಿಗೆ ಕಳೆದುಕೊಂಡ ಮನೆಗೆ ಅದು ಸಣ್ಣ ಹಣವಲ್ಲ.

ನನ್ನನ್ನು ಕೇಳಿದರು. ‘ಅದೆಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಆಯಿತು. ಅಲ್ಲಿ ಎಲ್ಲ ಯುರೋಪಿನ ಮೆಲ್ಲಿಫೆರಾ ಜೇನಿನ ಮಾತು. ನಮ್ಮ ತುಡುವೆ ಬಗ್ಗೆ ಯಾರು ಮಾತಾಡುತ್ತಾರೆ? ಆ ಹಣಕ್ಕೆ ಮೂವತ್ತು ಕುಟುಂಬ ತರಬಹುದು’ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಎರಡು ತಪ್ಪು ಮಾಡಿದ್ದೆ. ಕೊರಿಯಾದಲ್ಲೂ ಜಪಾನಿನಲ್ಲೂ ನಮ್ಮ ತುಡುವೆಯ ಜಾತಿಯೇ ಇದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎರಡನೆಯದು, ಮೂವತ್ತು ಹೊಸ ಕುಟುಂಬ ತಂದಿದ್ದರೆ ಮೂವತ್ತೂ ಸಾಯುತ್ತಿದ್ದವೇನೋ.

ತೀರ್ಮಾನ ಮಾಡಿದ್ದು ಅವರ ಹೆಂಡತಿ. ‘ದುಡ್ಡು ಹೋದ್ರೆ ಹೋತು. ಜೇನೇ ಹೋದ್ರೆ ಎಂತ ಮಾಡವು?’ ಎಂದರಂತೆ. ಅಡಿಕೆಯ ಮೇಲೆ ಸೊಸೈಟಿಯಲ್ಲಿ ಮುಂಗಡ ತೆಗೆದರು. ವೀಸಾಕ್ಕೆ ಆದಾಯ ತೆರಿಗೆ ರಿಟರ್ನ್ ಬೇಕು ಎಂದಾಗ ಗಾಬರಿಯಾಯಿತು. ಕೃಷಿ ಆದಾಯದವರು, ರಿಟರ್ನ್ ಎಲ್ಲಿಂದ ತರುವುದು? ಕೊನೆಗೆ ಪಹಣಿ, ಸೊಸೈಟಿ ಖಾತೆಯ ವಿವರ, ಲೆಕ್ಕಪರಿಶೋಧಕರ ಒಂದು ಪತ್ರ ಇಟ್ಟು ಅರ್ಜಿ ಹಾಕಿದರು. ವೀಸಾ ಬಂತು. ಕೃಷಿಯಿಂದ ಬದುಕುವವರು ಹೊರಡುವುದಾದರೆ ಈ ಕಾಗದಗಳಿಗೇ ಎರಡು ತಿಂಗಳು ಇಟ್ಟುಕೊಳ್ಳಿ.

ಡೇಜಿಯಾನ್‌ನಲ್ಲಿ ನಡೆದದ್ದು

ಪೋಸ್ಟರನ್ನು ಪಿವಿಸಿ ಪೈಪಿನಲ್ಲಿ ಸುತ್ತಿಕೊಂಡು ಹೋದರು. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಯಾರಿಗಾದರೂ ಕೊಡಲು ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಎರಡು ಪೊಟ್ಟಣ.

ಮೊದಲ ದಿನ ಸಪ್ಪೆಯಾಗಿ ಹೋಯಿತು. ದೊಡ್ಡ ಸಭಾಂಗಣದ ಭಾಷಣಗಳಲ್ಲಿ ಅರ್ಧ ಅರ್ಥವಾಗಲಿಲ್ಲ. ಪೋಸ್ಟರಿನ ಮುಂದೆ ಎರಡು ಗಂಟೆ ನಿಂತರು. ನೇರಳೆ, ಮತ್ತಿ, ಅಂಟುವಾಳ ಎಂದು ಹನ್ನೆರಡು ತಿಂಗಳ ಹೂವಿನ ಪಟ್ಟಿ ಚೆನ್ನಾಗಿಯೇ ಇತ್ತು. ಜನ ಬಂದರು, ಫೋಟೊ ತೆಗೆದರು, ಹೋದರು. ರಾತ್ರಿ ಮನೆಗೆ ಫೋನ್ ಮಾಡಿ ‘ಅಕ್ಕ ಹೇಳಿದ್ದೇ ಸರಿಯಿತ್ತು ಅನಿಸುತ್ತದೆ’ ಎಂದರಂತೆ. ಅಕ್ಕ ಎಂದರೆ ನಾನು.

ಎರಡನೇ ದಿನ ಮಳಿಗೆಗಳ ಕಡೆ ಹೋದರು. ಒಂದು ಮೂಲೆಯಲ್ಲಿ ಮರದ ಚೌಕ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಪಕ್ಕದಲ್ಲಿ ಎರಿಯ ಮೇಲೆ ನೊಣಗಳು ಕೂತ ದೊಡ್ಡ ಫೋಟೊ. ಸುಬ್ರಾಯ ನಿಂತೇಬಿಟ್ಟರು. ಅದು ತುಡುವೆ! ಗಾತ್ರ, ಹೊಟ್ಟೆಯ ಪಟ್ಟೆ, ಕೂರುವ ರೀತಿ ಎಲ್ಲ ತಮ್ಮ ಅಂಗಳದ್ದೇ.

ಮಳಿಗೆಯಲ್ಲಿದ್ದ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸುಬ್ರಾಯ ಮೊಬೈಲ್ ತೆಗೆದು ತಮ್ಮ ಸತ್ತ ಹುಳುಗಳ ಫೋಟೊ ತೋರಿಸಿದರು. ಹಿರಿಯರು ಮೊಬೈಲನ್ನು ಕೈಗೆ ತೆಗೆದುಕೊಂಡರು. ನೋಡಿದರು. ಕುರ್ಚಿ ಎಳೆದು ‘ಕೂತುಕೋ’ ಎಂದು ಕೈ ಮಾಡಿದರು. ಆಮೇಲೆ ಜೇನು ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿಯನ್ನು ಕರೆದು ನಡುವೆ ಕೂರಿಸಿದರು.

ಕೊರಿಯಾದಲ್ಲೂ 2009-10ರ ಹೊತ್ತಿಗೆ ಸ್ಯಾಕ್‌ಬ್ರೂಡ್ ಬಂದಿತ್ತು. ಅವರ ನಾಡಿನ ಜೇನಿನಲ್ಲಿ ಬಹುಪಾಲು ಕುಟುಂಬಗಳು ಹೋಗಿದ್ದವು. ಆ ಹಿರಿಯರು ತಮ್ಮದೆಲ್ಲ ಕಳೆದುಕೊಂಡು ಮತ್ತೆ ಕಟ್ಟಿದವರು. ಸುಬ್ರಾಯ ಕೇಳಿದ್ದು ಒಂದೇ ಮಾತು: ‘ನೀವು ಯಾವ ಔಷಧಿ ಹಾಕಿದಿರಿ?’

ಹಿರಿಯರು ಉತ್ತರ ಕೊಡಲಿಲ್ಲ. ತಾವೇ ಪ್ರಶ್ನೆ ಕೇಳತೊಡಗಿದರು. ಹುಡುಗಿ ಇಂಗ್ಲಿಷಿಗೆ ತಂದಳು.

ಒಂದು ಪೆಟ್ಟಿಗೆಯ ಫ್ರೇಮನ್ನು ಇನ್ನೊಂದಕ್ಕೆ ಹಾಕುತ್ತೀಯಾ? ಹೌದು. ಹೊರಗಿನಿಂದ ಕುಟುಂಬ ತರುತ್ತೀಯಾ? ಹೌದು. ರಾಣಿಯನ್ನು ಯಾವ ಪೆಟ್ಟಿಗೆಯಿಂದ ಎಬ್ಬಿಸುತ್ತೀಯಾ? ಜಾಸ್ತಿ ತುಪ್ಪ ಕೊಡುವ ಪೆಟ್ಟಿಗೆಯಿಂದ.

‘ರೋಗ ಬಂದಾಗಲೂ ಸಾಯದೆ ಉಳಿದವು ಇದ್ದವಲ್ಲ, ಅವು ಎಲ್ಲಿವೆ?’

ಸುಬ್ರಾಯ ಬಾಯಿ ಕಟ್ಟಿದವರ ಹಾಗೆ ಕೂತರು. ರೋಗ ತಡೆಯುವ ಶಕ್ತಿ ಇದ್ದಿರಬಹುದಾದ ಆ ಉಳಿದವುಗಳನ್ನೇ ಮಾರಿದ್ದರು. ರೋಗ ಇಲ್ಲದ, ತುಂಬಿ ತುಳುಕುವ ಪೆಟ್ಟಿಗೆಗೇ ಒಳ್ಳೆಯ ಬೆಲೆ ಬರುತ್ತಿತ್ತು. ನಷ್ಟ ತುಂಬಿಕೊಳ್ಳಲು ಗಟ್ಟಿಯಾದವನ್ನೆಲ್ಲ ಕೊಟ್ಟು, ಸೊರಗಿದವನ್ನು ಮನೆಯಲ್ಲಿ ಇಟ್ಟುಕೊಂಡು ಆರೈಕೆ ಮಾಡುತ್ತಿದ್ದರು. ಎರಡು ವರ್ಷ ಅವರು ಮಾಡಿದ್ದು ಅದನ್ನೇ.

ಊರಿಗೆ ಬಂದು ನನಗೆ ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು. ನನಗೂ ಹಾಗೇ ಆಯಿತು. ಬಲವಾದ ಪೆಟ್ಟಿಗೆಯಿಂದ ಬಡ ಪೆಟ್ಟಿಗೆಗೆ ಫ್ರೇಮ್ ಕೊಡಿ ಎಂದು ನಾನು ಎಷ್ಟು ಮನೆಯಲ್ಲಿ ಹೇಳಿದ್ದೇನೋ! ರೋಗ ಇಲ್ಲದ ಕಾಲಕ್ಕೆ ಅದು ಒಳ್ಳೆಯ ಪಾಠ. ರೋಗ ಬಂದ ಕಾಲಕ್ಕೆ, ಕಣ್ಣಿಗೆ ಕಾಣದ ವೈರಸ್ಸನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೈಯಾರೆ ಸಾಗಿಸುವ ದಾರಿ.

ಉಳಿದ ಮೂರು ದಿನವೂ ಅವರು ಭಾಷಣಕ್ಕಿಂತ ಜಾಸ್ತಿ ಆ ಮಳಿಗೆಯಲ್ಲೇ ಕೂತರು. ತೊಡದೇವಿನ ಎರಡೂ ಪೊಟ್ಟಣ ಅಲ್ಲೇ ಖಾಲಿಯಾದವು. ಪುಸ್ತಕದಲ್ಲಿ ಬರೆದುಕೊಂಡು ಬಂದದ್ದು ಒಂದೂವರೆ ಪುಟ.

ಬಂದ ಮೇಲೆ ಮಾಡಿದ್ದು

ಮೊದಲ ಕೆಲಸ ಆ ರಿಜಿಸ್ಟರ್. ಎರಡು ವರ್ಷದಲ್ಲಿ ಕುಟುಂಬ ಕೊಂಡವರಿಗೆಲ್ಲ ಫೋನ್ ಮಾಡಿದರು. ಸಿದ್ದಾಪುರ, ಯಲ್ಲಾಪುರ, ಕೆಳಗೆ ಹೊನ್ನಾವರದವರೆಗೆ. ಹೆಚ್ಚಿನವರು ‘ಅದು ಆಗಲೇ ಹೋಯಿತು’ ಎಂದರು. ಒಂಬತ್ತು ಮನೆಯಲ್ಲಿ ಮಾತ್ರ ಜೇನು ಇನ್ನೂ ಇತ್ತು. ನಾಲ್ಕು ಕಡೆ ಸುತ್ತಲಿನ ಪೆಟ್ಟಿಗೆಗಳೆಲ್ಲ ಸತ್ತು ಅದೊಂದೇ ನಿಂತಿತ್ತು. ಒಬ್ಬರು ಮಾರಿದ ಬೆಲೆಯ ಎರಡರಷ್ಟು ಕೇಳಿದರು. ಕೊಟ್ಟು ತಂದರು. ಉಳಿದ ಮೂವರು ರಾಣಿ ಕೋಶ ಕೊಡಲು ಒಪ್ಪಿದರು.

ಎರಡನೆಯದು ಕಷ್ಟದ ತೀರ್ಮಾನ. ಎರಡು ಹಂಗಾಮು ಕುಟುಂಬ ಮಾರುವುದಿಲ್ಲ ಎಂದರು. ಸಾಲ ತಲೆಯ ಮೇಲಿತ್ತು. ಮುಂಗಡ ಕೊಟ್ಟು ಕಾದಿದ್ದ ಕೆಲವರು ಬೇಸರಪಟ್ಟರು, ಒಬ್ಬರಂತೂ ಮಾತು ಬಿಟ್ಟರು. ಹೊರಗಿನಿಂದ ತರುವುದೂ ಬಂದ್ ಆಯಿತು. ರೋಗದ ಎರಿಗಳನ್ನು ಸುಟ್ಟರು. ಖಾಲಿ ಪೆಟ್ಟಿಗೆಗಳ ಒಳಗನ್ನು ಬೆಂಕಿ ಹಿಡಿದು ಕರಕು ಮಾಡಿದರು. ಒಂದು ಪೆಟ್ಟಿಗೆಯ ಫ್ರೇಮ್ ಇನ್ನೊಂದಕ್ಕೆ ಹೋಗದಂತೆ ಎಲ್ಲಕ್ಕೂ ನಂಬರ್ ಬರೆದರು.

ಮೂರನೆಯದರಲ್ಲಿ ಎಡವಿದರು. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊರದೇಶದಲ್ಲಿ ಕಲಿತದ್ದನ್ನು ಇದ್ದ ಹಾಗೇ ತಂದು ಹಾಕಿದರೆ ಏನಾಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ರಾಣಿಯನ್ನು ಸುಮಾರು ಮೂರು ವಾರ ಪಂಜರದಲ್ಲಿ ಇಟ್ಟರೆ ಮೊಟ್ಟೆ ಬೀಳುವುದಿಲ್ಲ. ಇದ್ದ ಮರಿಗಳೆಲ್ಲ ನೊಣವಾಗಿ ಹೊರಬರುತ್ತವೆ. ಹೊಸ ಹುಳು ಇಲ್ಲದಿದ್ದರೆ ವೈರಸ್ಸಿಗೆ ಬೆಳೆಯಲು ಜಾಗ ಇಲ್ಲ. ಸತ್ತವನ್ನೆಲ್ಲ ನೊಣಗಳು ಗುಡಿಸಿ ಹಾಕುತ್ತವೆ. ತತ್ವ ಸರಿಯಾಗಿಯೇ ಇದೆ. ಸುಬ್ರಾಯ ಇದನ್ನು 2016ರ ಜುಲೈನಲ್ಲಿ ಎಂಟು ಪೆಟ್ಟಿಗೆಗೆ ಮಾಡಿದರು. ಜೇನಿಗೆ ಹೇಗೂ ಕೆಲಸ ಇಲ್ಲದ ಕಾಲ ಎಂದುಕೊಂಡರು.

ಘಟ್ಟದ ಮೇಲಿನ ಜುಲೈ ಮಳೆ ಗೊತ್ತಲ್ಲ. ವಾರಗಟ್ಟಲೆ ನೊಣ ಹೊರಗೆ ಹೋಗುವುದಿಲ್ಲ, ಪರಾಗ ಬರುವುದಿಲ್ಲ, ರಾಣಿ ತಾನೇ ಮೊಟ್ಟೆ ಕಡಿಮೆ ಮಾಡಿರುತ್ತದೆ. ಆಗ ಇನ್ನೂ ಮೂರು ವಾರ ನಿಲ್ಲಿಸಿದರೆ ಮುದಿ ನೊಣಗಳು ಸತ್ತ ಜಾಗಕ್ಕೆ ಎಳೆಯವು ಇಲ್ಲ. ಎಂಟರಲ್ಲಿ ಐದು ಕುಟುಂಬ ಹೋದವು. ರೋಗದಿಂದಲ್ಲ, ನೊಣ ಇಲ್ಲದೆ.

ಅವರು ಆ ಹುಡುಗಿಗೆ ಇಮೇಲ್ ಬರೆದರು. ಊರಿಗೆ ಬಂದ ವಾರದಲ್ಲೇ ಒಂದು ಪತ್ರ ಬರೆದು ಧನ್ಯವಾದ ಹೇಳಿದ್ದರು, ಹಾಗಾಗಿ ಸಂಪರ್ಕ ತಪ್ಪಿರಲಿಲ್ಲ. ಅವಳು ಕೇಳಿದ್ದು: ‘ನಿಮ್ಮಲ್ಲಿ ಜೇನು ಯಾವಾಗ ತಾನಾಗಿ ನಿಲ್ಲುತ್ತದೆ? ನಮ್ಮಲ್ಲಿ ಚಳಿಗಾಲದಲ್ಲಿ.’ ಉತ್ತರ ಅವರ ಹೂವಿನ ಪಟ್ಟಿಯಲ್ಲೇ ಇತ್ತು. ಡೇಜಿಯಾನ್‌ನಲ್ಲಿ ಯಾರೂ ನಿಂತು ಓದದಿದ್ದ ಆ ಪೋಸ್ಟರನ್ನೇ ಅವಳಿಗೆ ಕಳಿಸಿದರು. ಇಬ್ಬರೂ ಅದನ್ನು ನೋಡಿಕೊಂಡು ಪತ್ರದಲ್ಲೇ ಚರ್ಚೆ ಮಾಡಿದರು. ಮಳೆಗಾಲದಲ್ಲಿ ಬರೀ ಪಾಕ ಕೊಟ್ಟು ಕಾಯುವುದು, ಅಕ್ಟೋಬರ್ ಕೊನೆಗೆ ಹೂ ಬಂದು ಎಳೆಯ ನೊಣ ತುಂಬಿದ ಮೇಲೆ, ಅದೂ ರೋಗದ ಗುರುತು ಕಂಡ ಪೆಟ್ಟಿಗೆಗೆ ಮಾತ್ರ, ರಾಣಿಯನ್ನು ಪಂಜರಕ್ಕೆ ಹಾಕುವುದು ಎಂದು ತೀರ್ಮಾನವಾಯಿತು. ಆ ವರ್ಷ ಹಾಗೆ ಮಾಡಿದ ಏಳರಲ್ಲಿ ಆರು ಚೇತರಿಸಿಕೊಂಡವು.

ಫಲ ಎಷ್ಟು, ಯಾವುದರಿಂದ

2018ರ ಬೇಸಿಗೆಗೆ ಅವರ ಹತ್ತಿರ 48 ಪೆಟ್ಟಿಗೆ ಇತ್ತು. ರೋಗ ಪೂರ್ತಿ ಹೋಗಿಲ್ಲ. ಈಗಲೂ ಕೆಲವು ಪೆಟ್ಟಿಗೆಯಲ್ಲಿ ಕಾಣಿಸುತ್ತದೆ, ಆದರೆ ಮೊದಲಿನ ಹಾಗೆ ಸಾಲುಸಾಲಾಗಿ ಹೋಗುವುದಿಲ್ಲ. ಸೊಸೈಟಿಯ ಸಾಲ ತೀರಲು ಅಡಿಕೆಯ ಎರಡು ಕೊಯ್ಲು ಬೇಕಾಯಿತು.

ಇದೆಲ್ಲ ಕೊರಿಯಾ ಪ್ರವಾಸದ ಫಲ ಎಂದು ನಾನು ಹೇಳುವುದಿಲ್ಲ. ಇದು ಒಂದೇ ಮನೆಯ ಕಥೆ. ಈ ರೋಗ ಅಲೆಯ ಹಾಗೆ ಏರಿ ತಾನಾಗಿ ಇಳಿಯುವುದೂ ಇದೆ. ಕಾಡಿನ ಪೊಟರೆಗಳಲ್ಲಿ ಉಳಿದ ಜೇನಿನಲ್ಲಿ ತಡೆಯುವ ಶಕ್ತಿ ಬೆಳೆದು, ಅದರ ಗಂಡು ನೊಣಗಳಿಂದ ನಮ್ಮ ಪೆಟ್ಟಿಗೆಗೂ ಬಂದಿರಬಹುದು. ಆದರೆ ಅವರ ತೀರ್ಮಾನಗಳು ಬದಲಾದದ್ದು ಆ ಮಳಿಗೆಯ ಕುರ್ಚಿಯಲ್ಲಿ ಕೂತಾಗ. ಅದರಲ್ಲಿ ನನಗೆ ಅನುಮಾನ ಇಲ್ಲ.

ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಓದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೊರಿಯಾದ ಜೇನು ಸತ್ತ ಬಗ್ಗೆ ಲೇಖನಗಳು ಆಗಲೇ ಇದ್ದವು. ಆದರೆ ಸುಬ್ರಾಯ ಹುಡುಕುತ್ತಿದ್ದದ್ದು ‘ಔಷಧಿ’. ಕೊರಿಯಾ ಎಂದು ಹುಡುಕಬೇಕು ಎಂಬುದು ಅವರಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಲೇಖನ ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ನಮ್ಮ ಫೋಟೊ ನೋಡಿ, ನಾವು ಏನು ಕೇಳುತ್ತಿಲ್ಲ ಎಂದು ಅದು ಹೇಳುವುದಿಲ್ಲ. ಅದಕ್ಕೆ ಅದೇ ನೋವು ಉಂಡ ಇನ್ನೊಬ್ಬ ಕಸುಬಿನವರು ಎದುರು ಕೂರಬೇಕು.

ಹಾಗೆಂದು ಎಲ್ಲರೂ ಹೊರಡಿ ಎನ್ನಲಾರೆ. 2017ರಲ್ಲಿ ಇಸ್ತಾಂಬುಲ್‌ನಲ್ಲಿ ಮುಂದಿನ ಸಮ್ಮೇಳನ ಇತ್ತು. ‘ಈ ಸಲವೂ ಹೋಗಿ’ ಎಂದೆ. ನಗುತ್ತಾ ಬೇಡ ಎಂದರು. ಆಗ ಅವರ ಕೈಯಲ್ಲಿ ಕೆಲಸ ಇತ್ತು, ಕೇಳಲು ಹೊಸ ಪ್ರಶ್ನೆ ಇರಲಿಲ್ಲ. ಈಗ ನನ್ನ ಹತ್ತಿರ ಸಲಹೆ ಕೇಳಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವುದು ಅದನ್ನೇ: ಬಿಡಿಸಲಾಗದೆ ಉಳಿದ ನಿನ್ನ ತೊಂದರೆ ಯಾವುದು, ಅದರ ಫೋಟೊ, ಲೆಕ್ಕ ಏನಿದೆ, ಅದೇ ತೊಂದರೆ ಇರುವ ಜನ ಅಲ್ಲಿಗೆ ಬರುತ್ತಾರಾ? ಮೂರಕ್ಕೂ ಉತ್ತರ ಇದ್ದರೆ ಸಾಲ ಮಾಡಿಯಾದರೂ ಹೋಗು ಎನ್ನುತ್ತೇನೆ. ಪೋಸ್ಟರ್ ಆದರೂ ಸಾಕು, ಭಾಷಣವೇ ಬೇಕೆಂದಿಲ್ಲ. ಇಂಗ್ಲಿಷ್ ಕಡಿಮೆ ಎಂದು ಹಿಂಜರಿಯಬೇಡ, ಆ ಹಿರಿಯರಿಗೂ ಬರುತ್ತಿರಲಿಲ್ಲ. ಉತ್ತರ ಇಲ್ಲದಿದ್ದರೆ, ಮೊದಲು ಪಕ್ಕದ ತಾಲೂಕಿಗೆ ಹೋಗಿ ಬಾ.

ಊರಲ್ಲಿ ಹಂಚಿಕೊಂಡ ಬಗ್ಗೆ ಇಷ್ಟು ಹೇಳಬೇಕು. ಬಂದ ಹೊಸದರಲ್ಲಿ ಒಂದು ಸಭೆ ಮಾಡಿದೆವು. ಪರದೆಯ ಮೇಲೆ ಕೊರಿಯಾದ ಚಿತ್ರ ತೋರಿಸಿದರು. ಜನ ಕೇಳಿದ್ದು ಊಟ ಹೇಗಿತ್ತು, ಎಷ್ಟು ಖರ್ಚಾಯಿತು ಎಂದು. ಮರುವರ್ಷ ಸಭೆ ಬಿಟ್ಟು ಅವರ ಅಂಗಳದಲ್ಲೇ ಸೇರಿಸಿದೆವು. ಪೆಟ್ಟಿಗೆ ತೆರೆದು, ಸತ್ತ ಹುಳು ಎತ್ತಿ ತೋರಿಸಿ, ‘ನಿಮ್ಮಲ್ಲಿ ಉಳಿದದ್ದು ಯಾವುದು?’ ಎಂದು ಒಬ್ಬೊಬ್ಬರನ್ನೇ ಕೇಳಿದರು. ಅವತ್ತು ಮಧ್ಯಾಹ್ನ ಊಟಕ್ಕೆ ಏಳಲು ಯಾರಿಗೂ ಮನಸ್ಸಿರಲಿಲ್ಲ. ನಾನು ಅಲ್ಲೇ ನಿಂತು, ಫ್ರೇಮ್ ಹಂಚುವ ಪಾಠವನ್ನು ರೋಗದ ಕಾಲಕ್ಕೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

ಸುಬ್ರಾಯ ಈಗ ಮತ್ತೆ ಕುಟುಂಬ ಕೊಡುತ್ತಾರೆ, ಮೊದಲಿಗಿಂತ ಕಡಿಮೆ. ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಎಳೆದಿದ್ದಾರೆ. ಮಳೆಗಾಲ ಮುಗಿದ ಮೇಲೆ ಕೊಂಡವರೆಲ್ಲ ಫೋನ್ ಮಾಡಬೇಕು ಎಂಬುದು ಅವರ ಷರತ್ತು. ಜೇನು ಸತ್ತಿದ್ದರೂ ಮಾಡಬೇಕು, ಬದುಕಿದ್ದರೂ ಮಾಡಬೇಕು. ಮಾಡದವರಿಗೆ ಅವರೇ ಮಾಡುತ್ತಾರೆ.